ಇಬ್ಬರೂ ಸೇರಿ ಬರೆಯಬೇಕಿದ್ದ ಕೆರೆಯ ರಾಜ್ಯ

ಗೆಳೆಯನೂ ನಾನೂ ಮಾಯಾಲೋಕದ ಕಾದಂಬರಿಗಳನ್ನು ಬರೆಯುತ್ತಿದ್ದೆವು. ಅವನದು ವೈಟ್‌ಫೀಲ್ಡ್ ಕಡೆಯ ಹಳೇ ಊರಿನ ಮನೆತನ. ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ. ನಾನು ಪೀಣ್ಯದ ಕಾರ್ಖಾನೆಯಲ್ಲಿ ತಪಾಸಣೆಯವನು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಬಿಡಿಭಾಗಕ್ಕೆ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವುದು ನನ್ನ ಕೆಲಸ. ಆ ಚಾಳಿ ಮನೆಗೂ ಬರುತ್ತಿತ್ತು. ಹೆಂಡತಿ ಮಾಡಿದ ಸಾರನ್ನೂ ಬಿಡುತ್ತಿರಲಿಲ್ಲ.

ಒಂದು ಭಾನುವಾರ ಜಾಲಹಳ್ಳಿಯ ದರ್ಶಿನಿಯಲ್ಲಿ ಅವನೇ ಮಾತು ತೆಗೆದ. "ಗುರು, ಒಟ್ಟಿಗೆ ಒಂದು ಬರೆಯೋಣ. ಒಂದು ಅಧ್ಯಾಯ ನಂದು, ಒಂದು ನಿಂದು. ಕೆರೆ ಮುಚ್ಚಿ ಅಪಾರ್ಟ್‌ಮೆಂಟ್ ಕಟ್ಟಿರ್ತಾರೆ, ಅದರಡಿ ನೀರಿನ ಜನದ ರಾಜ್ಯ ಇನ್ನೂ ಇರುತ್ತೆ." ನನ್ನ ಕಾಫಿ ಆರಿದ್ದೂ ತಿಳಿಯಲಿಲ್ಲ. ನಕ್ಷೆ, ಕಾನೂನು, ಯುದ್ಧ ನನ್ನ ಪಾಲಿಗೆ. ಜನ, ಜಗಳ, ಮಾತು ಅವನ ಪಾಲಿಗೆ ಅಂತ ಹಂಚಿಕೊಂಡೆವು.

ಮೊದಲ ಅಧ್ಯಾಯ ಬರೆದು ತಂದ. ಅದರಲ್ಲಿ ನೀರಿನ ರಾಣಿ ಅವನ ಅಜ್ಜಿಯ ಹಾಗೆ, ಕತ್ತಿ ಹಿಡಿದು ಬಂದ ಶತ್ರುವನ್ನು "ಇಂಗ್ಯಾಕ್ ಬಂದ್ಯಪ್ಪಾ, ಉಂಡ್ಯಾ?" ಅಂತ ಕೇಳುತ್ತಿದ್ದಳು. ರಾಣಿಯೊಬ್ಬಳು ಹೀಗೆ ಮಾತಾಡುತ್ತಾಳೆಯೇ ಅನ್ನಿಸಿತು ನನಗೆ. ಸಾಲು ಸಾಲು ತಿದ್ದಿದೆ. ಸಾಲದ್ದಕ್ಕೆ, ತಮಾಷೆ ಅಂದುಕೊಂಡು, ಕಾರ್ಖಾನೆಯ ಕೆಂಪು ಚೀಟಿಯೊಂದನ್ನು ಹಾಳೆಗಳಿಗೆ ಕಟ್ಟಿ ಕೊಟ್ಟೆ.

ಅವನು ನಕ್ಕ. "ಸರಿ ಬಿಡು ಗುರು, ನೋಡ್ತೀನಿ" ಅಂದ.

ಆಮೇಲೂ ಹಬ್ಬಕ್ಕೆ ಊಟಕ್ಕೆ ಕರೆದ, ನನ್ನ ತಾಯಿಯನ್ನು ಆಸ್ಪತ್ರೆಗೆ ತನ್ನ ಗಾಡಿಯಲ್ಲೇ ಕರೆದುಕೊಂಡು ಹೋದ. ಬರೆದದ್ದನ್ನು ಮಾತ್ರ ಮತ್ತೆಂದೂ ತೋರಿಸಲಿಲ್ಲ. ತಪ್ಪಾಯ್ತು ಕಣೋ ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅವನೇ ಮಾತು ತೆಗೆಯಲಿ ಅಂತ ಜಂಬದಲ್ಲಿ ಕೂತೆ. ಹೋದ ವರ್ಷ ಹೃದಯಾಘಾತವಾಗಿ ಹೋಗಿಬಿಟ್ಟ. ಆ ಹಾಳೆಗಳನ್ನು ಅವನ ಮನೆಯಲ್ಲೆಲ್ಲ ಹುಡುಕಿದರೂ ಸಿಗಲಿಲ್ಲ.

ಈಗ ಆ ಕಾದಂಬರಿಯನ್ನು ಊಹಿಸಿಕೊಂಡು ಇಬ್ಬರ ಪಾಲನ್ನೂ ನಾನೇ ಬರೆಯುತ್ತಿದ್ದೇನೆ. ನನ್ನ ಯುದ್ಧಗಳು ಸರಾಗವಾಗಿ ಸಾಗುತ್ತವೆ. ಅವನ ಅಧ್ಯಾಯ ಬಂದಾಗ, ಇಲ್ಲಿ ಅವನಿದ್ದರೆ ಏನು ಬರೆಯುತ್ತಿದ್ದ ಅಂತ ಗಂಟೆಗಟ್ಟಲೆ ಕೂರುತ್ತೇನೆ. ರಾಣಿಗೆ ಅಜ್ಜಿಯ ಮಾತನ್ನೇ ವಾಪಸ್ ಕೊಟ್ಟಿದ್ದೇನೆ. ಮೊನ್ನೆ ಅವನ ಮನೆಗೆ ಹೋಗಿ, ಇಬ್ಬರದೂ ಇದರಲ್ಲಿದೆ ಅಂತ ಹೇಳಿ, ಅವನ ಹೆಂಡತಿಗೆ ನನ್ನದೊಂದು, ಅವನ ಪಾಲಿನದೊಂದು, ಎರಡು ಅಧ್ಯಾಯ ಓದಿದೆ. ಆಕೆ ಕೈಕಟ್ಟಿ ಕೂತು ಪೂರ್ತಿ ಕೇಳಿದರು.

ಮುಗಿಸಿ ತಲೆ ಎತ್ತಿದೆ.

"ಚೆನ್ನಾಗೈತಣ್ಣ," ಅಂದರು. "ನಿಮ್ ಪಾಲಾಯ್ತಲ್ಲ, ಈಗ ಅವ್ರುದ್ ಓದಿ."