ಕುರಿ ಹೊಡೆಯುವವರ ಪಬ್ಬು

ಕುರಿ ನಾಲ್ಕೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು. ಕೌತಾಳಂ ಹತ್ತಿರದ ಊರಲ್ಲಿ ಕುರಿ ಕಾದೇ ಬೆಳೆದವನು ನಾನು, ಅಂಥದ್ದನ್ನು ಎಂದೂ ನೋಡಿರಲಿಲ್ಲ. ಸತ್ತಿದೆ ಅಂದುಕೊಂಡೆ. ಆಗ ಕಿವಿ ಅಲುಗಿತು. ಬೇಲಿ ಹಾರಿ ಹೋಗಿ ಎತ್ತಿ ನಿಲ್ಲಿಸಿದೆ. ಮತ್ತೆ ವಾಲತೊಡಗಿತು. ಮೊಣಕಾಲುಗಳ ನಡುವೆ ಒತ್ತಿ ಹಿಡಿದುಕೊಂಡೆ.

ಇಂಗ್ಲೆಂಡಿನ ಈ ಸಣ್ಣ ಹಳ್ಳಿಗೆ ಬಂದು ಆಗ ಐದು ತಿಂಗಳು. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ; ಅವಳ ಹಿಂದೆ ಬಂದವನು ನಾನು. ನಮ್ಮೂರ ಕಡೆಯ ಆದವಾನಿಯಲ್ಲಿ ಬಸ್ಸಿಗೆ ಕಾಯುವಷ್ಟರಲ್ಲಿ ನಾಲ್ಕು ಮಂದಿ ಯಾವೂರು ಅಂತ ಕೇಳುತ್ತಾರೆ. ಇಲ್ಲಿ ಮಳೆಯ ಬಗ್ಗೆ ಒಂದು ಮಾತು, ಒಂದು ನಗು, ಮುಗಿಯಿತು. ಊರಿಗೆ ವಾಪಸ್ಸು ಹೋಗ್ತೀನಿ ಎಂದು ಹಿಂದಿನ ದಿನವೇ ಹೆಂಡತಿಗೆ ಹೇಳಿದ್ದೆ. "ಇನ್ನೊಂದು ತಿಂಗಳು ನೋಡ್ರಿ, ಆಮ್ಯಾಲೆ ನಿಮ್ಮಿಷ್ಟ" ಅಂದಿದ್ದಳು ಆಕಿ.

ಹೊಲದ ಒಡತಿ ಮಾರ್ಗರೆಟ್ ಏದುಸಿರು ಬಿಡುತ್ತ ಬಂದರು. ಎಪ್ಪತ್ತು ದಾಟಿದವರು. ಕಳ್ಳನೆಂದುಕೊಂಡಾರು ಎಂದು ನನಗೆ ಭಯ. ಅವರು ಕುರಿಯನ್ನೂ ನನ್ನ ಮೊಣಕಾಲನ್ನೂ ನೋಡಿದರು.

"ಇದನ್ನೆಲ್ಲಿ ಕಲಿತಿರಿ?"

"ನಮ್ಮಪ್ಪನ ಹತ್ತಿರ ನೂರು ಕುರಿ ಇವೆ."

ಉಣ್ಣೆ ನೆನೆದು ಭಾರವಾದರೆ ಇಲ್ಲಿನ ದಪ್ಪ ಕುರಿಗಳು ಹೀಗೆ ಮಗುಚಿ ಬಿದ್ದು ಏಳಲಾರವಂತೆ. ಅದಕ್ಕೆ 'ಕಾಸ್ಟ್' ಎನ್ನುತ್ತಾರೆ. ನಮ್ಮ ಬಡಕಲು ಕುರಿಗಳಿಗೆ ಆ ತೊಂದರೆ ಇಲ್ಲ.

"ಸಂಜೆ ಪಬ್ಬಿಗೆ ಬನ್ನಿ" ಎಂದರು.

ನನ್ನ ಪಾಲಿಗೆ ಪಬ್ಬೆಂದರೆ ಬ್ರಾಂದಿ ಅಂಗಡಿ. ಅದರ ಮುಂದೆ ಬಿರಬಿರನೆ ಹಾದುಹೋಗುತ್ತಿದ್ದೆ. ಅಂದು ಒಳಗೆ ಹೋದಾಗ ಕುಡುಕರ ಗದ್ದಲವಿಲ್ಲ. ಬೆಂಕಿಯ ಪಕ್ಕ ಮಲಗಿದ ನಾಯಿ, ಊಟ ಮಾಡುತ್ತಿದ್ದ ಒಂದು ಕುಟುಂಬ, ಹರಟುವ ಮುದುಕರು. ಮಾರ್ಗರೆಟ್ ನನಗೆ ಲಿಂಬು ಸೋಡಾ ತರಿಸಿದರು. ಶತಮಾನಗಳ ಹಿಂದೆ ಕುರಿ ಹೊಡೆದುಕೊಂಡು ಸಂತೆಗೆ ಹೋಗುವವರು ತಂಗಲೆಂದೇ ಕಟ್ಟಿದ್ದು ಇದು ಎಂದ ಪಬ್ಬಿನ ಯಜಮಾನ.

"ನಮ್ಮ ತಾತ ಮಂದೆ ಹೊಡೆದುಕೊಂಡು ತುಂಗಭದ್ರೆಯ ದಂಡೆಗೆ ಹೋಗುತ್ತಿದ್ದ. ಕಂಬಳಿಯೇ ಅವನ ಮನೆ" ಎಂದೆ.

"ಎಷ್ಟು ದಿನದ ನಡಿಗೆ?" ಒಬ್ಬ ಮುದುಕ ಕುರ್ಚಿ ಎಳೆದುಕೊಂಡು ಕೇಳಿದ.

ಐದು ತಿಂಗಳಲ್ಲಿ ಯಾರೂ ನನ್ನನ್ನು ಅಂಥ ಪ್ರಶ್ನೆ ಕೇಳಿರಲಿಲ್ಲ. ಹೇಳುತ್ತ ಕುಳಿತೆ.

ಮರುವಾರದಿಂದ ಮಾರ್ಗರೆಟ್ ಹತ್ತಿರವೇ ಕೆಲಸಕ್ಕೆ ಸೇರಿದೆ. ಎರಡು ವರ್ಷವಾಯಿತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಬೆಳಗ್ಗೆ ಅಪ್ಪನ ಕುರಿಹಟ್ಟಿಯ ಮುಂದೆ ನಿಂತು ಕುರಿ ಕರೆದೆ. ಬಾಯಿಂದ ಬಂದದ್ದು ಮಾರ್ಗರೆಟ್ ಕೂಗುವ ಕೂಗು. ಒಂದು ಕುರಿಯೂ ತಲೆ ಎತ್ತಲಿಲ್ಲ.

"ಅವಕ್ಕ ಅದು ತಿಳಿಯಂಗಿಲ್ಲಪಾ, ನಮ್ಮಂಗ ಕರಿ" ಅಂದ ಅಪ್ಪ.

ನಮ್ಮ ಕೂಗು ಥಟ್ಟನೆ ನಾಲಿಗೆಗೆ ಬರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಕಾದ, ಆಮೇಲೆ ತಾನೇ ಕರೆದ. ಕುರಿಗಳು ಅವನ ಹಿಂದೆ ಹೊರಟವು. ನಾನೂ ಹೊರಟೆ.