ಹುಷಾರಪ್ಪನ ಮೀಟರ್ ಕಾವಲು

ಬೀದಿಯವರೆಲ್ಲ ಅವನನ್ನು ಹುಷಾರಪ್ಪ ಎಂದೇ ಕರೆಯುವುದು. ಬಾಯಿ ಸುಡುವ ಮೊದಲೇ ಮಜ್ಜಿಗೆಯನ್ನೂ ಊದಿ ಕುಡಿಯುವ ಆಸಾಮಿ. ಸ್ಮಾರ್ಟ್ ಮೀಟರ್ ಕೂರಿಸಲು ಬಂದ ಹುಡುಗಿ, "ಮೀಟರ್ ಆ್ಯಪ್ ಪಾಸ್‌ವರ್ಡ್ ಯಾರಿಗೂ ಹೇಳ್ಬೇಡಿ ಮಾಮ, ಕಳ್ಳರ ಕೈಗೆ ಸಿಕ್ಕಿದ್ರೆ ಕರೆಂಟ್ ಖರ್ಚು ನೋಡೇ ಮನೇಲಿ ಯಾರೂ ಇಲ್ಲ ಅಂತ ಕಂಡುಹಿಡೀತಾರೆ" ಎಂದು ಹೇಳಿ ಹೋದದ್ದೇ ತಡ, ಅವನಿಗೆ ಹೊಸ ನೌಕರಿ ಸಿಕ್ಕಂತಾಯಿತು. ಮೆಟ್ಟಿಲ ಕೆಳಗಿನ ಮೀಟರ್ ಹತ್ತಿರ ಬಂದರೆ ಅವನದು ಪಿಸುಮಾತು. ಪಾಸ್‌ವರ್ಡ್ ಎಷ್ಟು ಕಠಿಣವಾದದ್ದು ಇಟ್ಟನೆಂದರೆ, ಅವನಿಗೇ ಮರೆತುಹೋಗಿ ಅದೇ ಹುಡುಗಿಯನ್ನು ಮತ್ತೆ ಕರೆಸಬೇಕಾಯಿತು. "ಕರೆಂಟ್ ಆಫೀಸಿಂದ ಮಾತಾಡ್ತಿದೀವಿ" ಎಂದು ಫೋನ್ ಬಂದರೆ, "ನಮ್ಮನೇಲಿ ಕರೆಂಟೇ ಇಲ್ಲ, ಬುಡ್ಡಿ ದೀಪ!" ಎಂದು ಇಡುತ್ತಾನೆ. ತರಕಾರಿಗೆ ಹೊರಟರೂ ಮನೆಯಲ್ಲಿ ಫ್ಯಾನ್ ತಿರುಗುತ್ತಿರಬೇಕು. ಮೇಲಿನ ಮಹಡಿಯಲ್ಲಿ ಒಬ್ಬಳೇ ಇರುವ ಅವನ ಅಕ್ಕ, ತನ್ನ ಮಗಳ ಬಾಣಂತನಕ್ಕೆ ಹೋದಾಗಲಂತೂ ಕೇಳುವುದೇ ಬೇಡ; ದಿನಾ ಬೆಳಗ್ಗೆ ಬೀಗದ ಕೈ ಹಿಡಿದು ಮೇಲೆ ಹತ್ತಿ, ಅವಳು ರುಬ್ಬುವ ಹೊತ್ತಿಗೆ ಸರಿಯಾಗಿ ಮಿಕ್ಸಿಗೆ ಬರೀ ನೀರು ಹಾಕಿ ಗಿರ್ರೆನಿಸಿದ, ಸಂಜೆ ಅವಳ ಟಿವಿ ಹಾಕಿ ಎದುರಿಗೆ ಕೂತ. ಅಕ್ಕ ಹಿಂದಿರುಗಿ ಬಾಗಿಲು ತೆಗೆದವಳೇ, ಹಿಂದೆಯೇ ಬಂದ ತಮ್ಮನ ಕಾವಲಿನ ವರದಿ ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ಮಿಕ್ಸಿ, ಟಿವಿ ಎಲ್ಲ ಕಳ್ಳರಿಗೋಸ್ಕರ, ಒಪ್ಕೊಂಡೆ ಕಣೋ. ಟಿವಿ ಮುಂದೆ ಎರಡು ಲೋಟ ಯಾಕೋ ಇಟ್ಟಿದೀಯ? ಲೋಟಾನೂ ಕರೆಂಟ್ ತಿನ್ನುತ್ತೇನೋ?" ಹುಷಾರಪ್ಪ ಎರಡನ್ನೂ ತೊಳೆದು ಬಿಸಿ ಕಾಫಿ ಬಗ್ಗಿಸಿ, ಒಂದನ್ನು ಅಕ್ಕನ ಕೈಗಿಟ್ಟ. ಅವಳ ಮುಖ ನೋಡುತ್ತ ನೋಡುತ್ತ ತನ್ನದನ್ನು ಊದುವುದನ್ನೇ ಮರೆತು, ಜನ್ಮದಲ್ಲಿ ಮೊದಲ ಸಲ ನಾಲಿಗೆ ಸುಟ್ಟುಕೊಂಡ.