ಇನ್‌ವರ್ಡ್ ನಂಬರ್ ಹದಿನೇಳು

ತಿಪ್ಪೇರುದ್ರಪ್ಪನವರು ಬ್ಲಾಗ್ ಶುರು ಮಾಡಿದ್ದು ಲೋಕಕಲ್ಯಾಣಕ್ಕಾಗಿ. ಇದು ನನ್ನ ಮಾತಲ್ಲ, ಅವರೇ ತಮ್ಮ ಮೊದಲ ಲೇಖನದಲ್ಲಿ ಬರೆಸಿದ ಮಾತು. ಟೈಪ್ ಮಾಡಿದವಳು ಮಾತ್ರ ನಾನು. ಅದು 2008ರ ಬೇಸಿಗೆ. ಹಿರಿಯೂರು ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಅಂಗಡಿ ಇತ್ತು: ಕಾವ್ಯಶ್ರೀ ಡಿ.ಟಿ.ಪಿ., ಜೆರಾಕ್ಸ್ ಮತ್ತು ಇಂಟರ್‌ನೆಟ್. ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮೆಷಿನ್ನು, ಗಿರಾಕಿಗಳಿಗೆ ಅಂತ ಒಂದೇ ಒಂದು ಪ್ಲಾಸ್ಟಿಕ್ ಕುರ್ಚಿ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ಆ ಕುರ್ಚಿ ತಿಪ್ಪೇರುದ್ರಪ್ಪನವರದು. ಮಿಕ್ಕ ಗಿರಾಕಿಗಳು ಗೋಡೆಗೆ ಒರಗಿ ನಿಲ್ಲುತ್ತಿದ್ದರು.

ಅವರು ಮೂವತ್ತನಾಲ್ಕು ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದು ನಿವೃತ್ತರಾದವರು. ಯಾವ ಕಚೇರಿ ಅಂತ ನಾನು ಹೇಳುವುದಿಲ್ಲ, ಅದಕ್ಕೂ ಒಂದು ಮಾನ ಅಂತ ಇರುತ್ತದೆ. ಜವನಗೊಂಡನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಜೇಬಿನಲ್ಲಿ ಹಸಿರು ಇಂಕಿನ ಪೆನ್ನು. ಹಸಿರು ಇಂಕಿನಲ್ಲಿ ಸಹಿ ಮಾಡುವ ಯೋಗ ಗೆಜೆಟೆಡ್ ಆಫೀಸರುಗಳಿಗೆ ಮಾತ್ರ. ಸೇವೆಯಲ್ಲಿದ್ದಾಗ ಒಲಿಯದ ಆ ಭಾಗ್ಯವನ್ನು ನಿವೃತ್ತರಾದ ಮರುದಿನವೇ ಅಂಗಡಿಯಿಂದ ಕೊಂಡು ತಂದಿದ್ದರು.

ಬ್ಲಾಗಿನ ಹೆಸರು 'ಸೇವಾ ಸೌರಭ'. ಮೊದಲ ಲೇಖನ ಹಾಕಿದ ದಿನ ಅವರು ಪರದೆಯ ಹತ್ತಿರ ಮುಖ ತಂದು ಕೇಳಿದರು:

"ಇಲ್ಲಿ ಕೆಳಗೆ ಖಾಲಿ ಜಾಗ ಐತಲ್ಲಮ್ಮ, ಇದೇನು?"

"ಓದಿದವರು ಅಭಿಪ್ರಾಯ ಬರೀತಾರೆ ಸರ್. ಕಾಮೆಂಟು."

"ಯಾರು ಬೇಕಾದ್ರೂ ಬರೀಬಹುದಾ?"

"ಯಾರು ಬೇಕಾದ್ರೂ."

"ನನ್ನ ಕಾಗದದ ಮ್ಯಾಲೆ?"

ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟು ವರ್ಷ ಕಾಗದದ ಮೇಲೆ ಷರಾ ಬರೆಯುವ ಅಧಿಕಾರ ಯಾರಿಗುಂಟು, ಯಾರಿಗಿಲ್ಲ ಅನ್ನುವುದನ್ನೇ ಉಸಿರಾಡಿದ ಮನುಷ್ಯ. "ಇದಕ್ಕೆ ಚಿಲಕ ಏನಾರ ಐತೋ ಇಲ್ವೋ?" ಅಂದರು. ಇದೆ ಅಂದೆ. ಬ್ಲಾಗಿನ ಯಜಮಾನರು ಒಪ್ಪಿಗೆ ಕೊಡುವವರೆಗೆ ಕಾಮೆಂಟು ಯಾರಿಗೂ ಕಾಣದ ಹಾಗೆ ಮಾಡಬಹುದು. ಆ ಚಿಲಕ ಹಾಕಿಕೊಟ್ಟವಳು ನಾನೇ. ಬುದ್ಧಿವಂತಿಕೆ ಮಾಡಿದೆ ಅಂದುಕೊಂಡಿದ್ದೆ.

ಮೂರನೇ ದಿನ ಮೊದಲ ಕಾಮೆಂಟು ಬಂತು. 'ಚೆನ್ನಾಗಿದೆ ಸರ್' ಅಂತ ಎರಡು ಪದ. ಒಪ್ಪಿಗೆ ಕೊಡಲು ಒಂದು ಕ್ಲಿಕ್ ಸಾಕು ಅಂದೆ. ಅವರು ಪ್ರಿಂಟ್ ತೆಗೆಸಿದರು. ಬ್ಯಾಗಿನಿಂದ ಸ್ಟಾಂಪ್ ಪ್ಯಾಡು, ಚಿತ್ರದುರ್ಗದಲ್ಲಿ ಮಾಡಿಸಿ ತಂದ ರಬ್ಬರ್ ಸೀಲು, ಉದ್ದನೆಯ ರಿಜಿಸ್ಟರು ಹೊರಬಂದವು. ಸೀಲಿನಲ್ಲಿ 'ಸೇವಾ ಸೌರಭ, ಸ್ವೀಕರಿಸಲಾಗಿದೆ' ಅಂತ ಇತ್ತು. ಸೀಲು ಒತ್ತಿ, ಇನ್‌ವರ್ಡ್ ನಂಬರ್ ಒಂದು ಅಂತ ಬರೆದು, ಮಗ್ಗುಲಲ್ಲಿ ಹಸಿರು ಇಂಕಿನಲ್ಲಿ 'ಪರಿಶೀಲನೆಯಲ್ಲಿದೆ' ಎಂದು ಷರಾ ಹಾಕಿದರು.

"ಇದ್ರಾಗೆ ಪರಿಶೀಲನೆ ಮಾಡೋದೇನೈತೆ ಸರ್? ಚೆನ್ನಾಗಿದೆ ಅಂದವ್ರೆ."

"ಯಾವ ಉದ್ದೇಶದಿಂದ ಅಂದವ್ರೆ ಅಂತ ನೋಡ್ಬೇಕಲ್ಲಮ್ಮ."

ಎರಡು ತಿಂಗಳಲ್ಲಿ ಹದಿನಾರು ಕಾಮೆಂಟುಗಳು ಬಂದವು. ಹದಿನಾರೂ ಪ್ರಿಂಟಾಗಿ, ಸೀಲಾಗಿ, ದಾರ ಪೋಣಿಸಿಕೊಂಡು ಒಂದು ಫೈಲಿನಲ್ಲಿ ಮಲಗಿದವು. ಒಂದೂ ಬ್ಲಾಗಿಗೆ ಹೋಗಲಿಲ್ಲ. ನೆಟ್ಟಿನಲ್ಲಿ ಓದಿ ತಿಳಿದುಕೊಂಡ ನಡವಳಿಕೆಯನ್ನೆಲ್ಲ ನಾನು ಅವರಿಗೆ ಹೇಳುತ್ತಲೇ ಇದ್ದೆ. ಬರೆದವರಿಗೆ ಉತ್ತರ ಕೊಡಬೇಕು ಸರ್ ಅಂದರೆ, "ಉತ್ತರ ಕೊಟ್ಟರೆ ಇನ್ನೊಂದು ಕೇಳ್ತಾರೆ" ಅನ್ನುತ್ತಿದ್ದರು. ಇನ್ನೊಬ್ಬರ ಬ್ಲಾಗಿನಿಂದ ಎತ್ತಿದ ಕೋಟೆಯ ಫೋಟೋಕ್ಕೆ ಅವರ ಹೆಸರು ಹಾಕಿ ಅಂದರೆ, "ಕೋಟೆ ಅವರಪ್ಪಂದಾ?" ತಪ್ಪು ಕಂಡರೆ ತಿದ್ದಿ, ತಿದ್ದಿದ್ದೇವೆ ಅಂತ ಬರೆಯಬೇಕು ಅಂದಾಗಂತೂ ನನ್ನನ್ನೇ ದಿಟ್ಟಿಸಿ ನೋಡಿದರು. "ಸಹಿ ಆದ ಕಾಗದ ತಿದ್ದಾಕೆ ಬರಲ್ಲಮ್ಮ. ಅದು ಕ್ರಿಮಿನಲ್ಲು." ಹೊಸದೆಲ್ಲ ಬೇಡ ಅನ್ನುವವರೇನಲ್ಲ. ಹೊಸದು ಅವರ ಹಳೆಯ ಕಚೇರಿಯ ಹಾಗೇ ಇರಬೇಕು, ಅಷ್ಟೇ.

ಜುಲೈ ತಿಂಗಳಲ್ಲಿ ಕುರಿಯ ಲೇಖನ ಬರೆಸಿದರು. 1996ರಲ್ಲಿ ನಡೆದದ್ದಂತೆ. ಕುರಿ ಮೇಯಿಸುವ ಗೋಮಾಳದ ಫೈಲೊಂದು ಅವರ ಕಚೇರಿಯಿಂದ ಕಾಣೆಯಾಗಿತ್ತು. 'ಜವಾನ ಗೊಲ್ಲಪ್ಪನು ಫೈಲನ್ನು ಬಗಲಲ್ಲಿಟ್ಟುಕೊಂಡು ಹರಿಯಬ್ಬೆಗೆ ಹೋಗಿ ಮಲಗಿದನು. ಬೆಳಿಗ್ಗೆ ಎದ್ದು ನೋಡಿದರೆ ಅವನ ಕುರಿ ಮೇಯುತ್ತಿತ್ತು, ಹುಲ್ಲನ್ನಲ್ಲ, ಹುಲ್ಲುಗಾವಲಿನ ಫೈಲನ್ನು! ಮೂರು ತಿಂಗಳು ಸಸ್ಪೆಂಡ್ ಆಗಿ, ಆ ಕುರಿಯ ಜೊತೆಗೇ ತಾನೂ ಮೇಯಲು ಹೋದನು.' ಟೈಪ್ ಮಾಡುತ್ತಾ ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಹೆಸರು ತೆಗೀರಿ ಸರ್ ಅಂತ ಒಂದು ಮಾತು ಹೇಳಿದ್ದೆ, ನಿಜ. "ಹೆಸರಿಲ್ದಿದ್ರೆ ಮಜಾ ಎಲ್ಲೈತಮ್ಮ" ಅಂದರು. ಹಾಗೇ ಟೈಪ್ ಮಾಡಿದೆ.

ಅವರ ಲೇಖನಗಳಲ್ಲಿ ಜನ ಓದಿದ್ದು ಇದೊಂದನ್ನೇ. ಯಾರೋ ಯಾರಿಗೋ ಕಳಿಸಿದರು, ಅದು ಚಿತ್ರದುರ್ಗದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಹೋಯಿತು. ಅಲ್ಲಿ ಬಿ.ಎ. ಓದುತ್ತಿದ್ದ ಹುಡುಗಿಯರು ಗುಂಪಾಗಿ ಓದಿ ಬಿದ್ದು ಬಿದ್ದು ನಕ್ಕರು. ಆ ಗುಂಪಿನಲ್ಲಿ ಹರಿಯಬ್ಬೆಯ ಆಶಾರಾಣಿಯೂ ಇದ್ದಳು. ಗೊಲ್ಲಪ್ಪನ ಮಗಳು.

ಆಗಸ್ಟ್ ಮೊದಲ ವಾರ ಕಾಮೆಂಟು ಬಂತು. 'ಫೈಲು ಕುರಿ ತಿನ್ನಲಿಲ್ಲ. ಅದು ಸಾಹೇಬರ ಮನೆಯಲ್ಲಿತ್ತು, ನಾನೇ ಹೊತ್ತು ಕೊಟ್ಟಿದ್ದೆ. ನೀನು ಒಪ್ಪಿಕೊ ಅಂದರು, ಒಪ್ಪಿಕೊಂಡೆ. ಇಂತಿ ಗೊಲ್ಲಪ್ಪ, ಹರಿಯಬ್ಬೆ. ಬರೆದವಳು ಮಗಳು ಆಶಾರಾಣಿ.'

ತಿಪ್ಪೇರುದ್ರಪ್ಪನವರು ಅದನ್ನು ಓದಿದರು. ಇನ್ನೊಂದು ಸಲ ಓದಿದರು. ಪ್ರಿಂಟ್ ತೆಗೆಸಿ, ಸೀಲು ಒತ್ತಿ, ಇನ್‌ವರ್ಡ್ ನಂಬರ್ ಹದಿನೇಳು ಅಂತ ಬರೆದು, ಪರಿಶೀಲನೆಯಲ್ಲಿದೆ ಎಂದು ಷರಾ ಹಾಕಿದರು. ಅವತ್ತು ಸೀಲು ಓರೆಯಾಯಿತು.

"ಇದು ನಿಜಾನಾ ಸರ್?" ಅಂದೆ.

"ಫೈಲಿನಾಗೆ ಏನೈತೋ ಅದು ನಿಜ."

"ಫೈಲೇ ಇಲ್ವಲ್ಲ ಸರ್."

"ಅದಕ್ಕೇ," ಅಂದರು, ಬ್ಯಾಗಿನ ಜಿಪ್ ಎಳೆದುಕೊಂಡು ಎದ್ದರು.

ಮೂರು ವಾರ ಕಳೆದ ಮೇಲೆ ಗೊಲ್ಲಪ್ಪನವರೇ ಬಂದರು. ಬಿಳಿ ಪಂಚೆ, ತಲೆಗೆ ಟವೆಲ್ಲು, ಅರವತ್ತು ದಾಟಿದ ವಯಸ್ಸು. ಅಂಗಡಿಯ ಒಳಗೆ ಬರಲಿಲ್ಲ. ಹೊಸ್ತಿಲಾಚೆ, ಸಾಹೇಬರು ಬೆಲ್ ಒತ್ತಿದರೆ ಕೇಳಿಸುವಷ್ಟು ದೂರದಲ್ಲಿ ನಿಂತರು. ಇಬ್ಬರೂ ನಿವೃತ್ತರಾಗಿದ್ದರು, ಆದರೆ ಆ ದೂರ ಮಾತ್ರ ಇನ್ನೂ ಸೇವೆಯಲ್ಲಿತ್ತು.

"ಏನೋ ಗೊಲ್ಲಪ್ಪ, ಚೆನ್ನಾಗಿದೀಯಾ?" ಅಂದರು ತಿಪ್ಪೇರುದ್ರಪ್ಪನವರು, ಪರದೆಯಿಂದ ಕಣ್ಣು ತೆಗೆಯದೆ.

"ಇದೀನಿ ಸಾಹೇಬ್ರೆ. ಮಗಳು ಒಂದು ಕಾಗದ ಹಾಕಿದ್ಲಂತೆ. ಏನಾತು ಅಂತ ಕೇಳಾಣ ಅಂತ ಬಂದೆ."

"ಪರಿಶೀಲನೆಯಾಗೈತೆ."

"ನೀವು ಬರ್ದಿದ್ದು ತೆಗೀರಿ ಅನ್ನಾಕೆ ಬಂದಿಲ್ಲ. ನಿಮ್ದು ಮ್ಯಾಲೆ ಇರ್ಲಿ. ನಂದು ಕೆಳಗೆ ಇರ್ಲಿ, ಅಷ್ಟೇಯ." ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. "ಆವಾಗ ಮಗಳು ಸಣ್ಣವ್ಳು. ಸಸ್ಪೆಂಡ್ ಆಗೀನಿ ಅಂತ ಮನ್ಯಾಗೆ ಹೇಳಿರ್ಲಿಲ್ಲ, ರಜಾ ಹಾಕೀನಿ ಅಂದಿದ್ದೆ. ಈಗ ಕೇಳ್ತಾಳೆ, ಅವತ್ತು ಸುಳ್ಳು ಹೇಳ್ದೋನು ಇವತ್ತು ನಿಜ ಹೇಳ್ತೀಯ ಅಂತ ಹೆಂಗೆ ನಂಬ್ಲಿ ಅಪ್ಪ ಅಂತ. ನಾನೇನ್ ಹೇಳ್ಲಿ ಸಾಹೇಬ್ರೆ? ಮೂವತ್ತು ವರ್ಷ ಫೈಲು ಹೊತ್ತೀನಿ. ಒಂದ್ರಾಗೂ ನಂದು ಅಂತ ಒಂದು ಅಕ್ಷರ ಇಲ್ಲ."

"ತೀರ್ಮಾನ ಆದ್ಮೇಲೆ ತಿಳಿಸ್ತೀನಿ, ಹೋಗು."

ಗೊಲ್ಲಪ್ಪನವರು ಕೈ ಮುಗಿದು ಹೋದರು. ಪಾಸ್‌ವರ್ಡ್ ನನಗೆ ಗೊತ್ತಿತ್ತು. ಒಂದು ಕ್ಲಿಕ್ ಮಾಡಿದ್ದರೆ ಆ ಮನುಷ್ಯನ ಮಾತು ಅಲ್ಲೇ ಕೆಳಗೆ ಕೂರುತ್ತಿತ್ತು. ಮಾಡಲಿಲ್ಲ. ದಿನಾ ಬರುವ ಗಿರಾಕಿ ತಪ್ಪಿಹೋದರೆ ಅನ್ನುವ ಯೋಚನೆ. ಲೋಕಕ್ಕೆಲ್ಲ ಬ್ಲಾಗಿನ ನಡವಳಿಕೆ ಬೋಧಿಸುತ್ತಿದ್ದ ನನ್ನ ಧೈರ್ಯ ಇಷ್ಟೇ ಇತ್ತು.

ತಿಪ್ಪೇರುದ್ರಪ್ಪನವರನ್ನು ದಾರಿಗೆ ತಂದದ್ದು ನಾನಲ್ಲ. ಹೊಳಲ್ಕೆರೆಯ ಜಂಪಣ್ಣ ಮೇಷ್ಟ್ರು. ಅವರದೂ ಒಂದು ಬ್ಲಾಗಿತ್ತು. ಸೆಪ್ಟೆಂಬರಿನಲ್ಲಿ ಅವರು ಹಳೆಯ ತರಬೇತಿ ಶಿಬಿರವೊಂದರ ನೆನಪು ಬರೆದರು: 'ಹಿರಿಯೂರು ಕಡೆಯಿಂದ ಬಂದಿದ್ದ ಗುಮಾಸ್ತರೊಬ್ಬರು, ತಿಪ್ಪೇರುದ್ರಪ್ಪ ಅಂತ, ಮುಂದಿನ ಸಾಲಿನಲ್ಲಿ ಕುಳಿತು ಎರಡು ತಾಸು ಗೊರಕೆ ಹೊಡೆದರು. ಪಾಠ ಮಾಡುತ್ತಿದ್ದ ನಾನು ದನಿ ಏರಿಸಬೇಕಾಯಿತು.'

ಓದಿ ಮುಗಿಸುವಷ್ಟರಲ್ಲಿ ತಿಪ್ಪೇರುದ್ರಪ್ಪನವರ ಮುಖ ಕೆಂಪೇರಿತ್ತು. "ಶುದ್ಧ ಸುಳ್ಳು! ನಾನು ನಿದ್ದೆ ಮಾಡಿಲ್ಲ. ಕಣ್ಣು ಮುಚ್ಕಂಡು ಕೇಳ್ತಿದ್ದೆ. ಬರಿಯಮ್ಮ, ಈಗ್ಲೇ ಬರಿ. ಜಿಲ್ಲೆಯೆಲ್ಲ ಓದ್ತೈತಲ್ಲ ಇದನ್ನ!" ಒಂದೂವರೆ ಪುಟದ ಸ್ಪಷ್ಟೀಕರಣ ಹೇಳಿ ಬರೆಸಿದರು. ನಾನು ಕಳಿಸಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

"ಏನಂತೆ?"

"ಬ್ಲಾಗಿನವರು ಒಪ್ಪಿಗೆ ಕೊಟ್ಟ ಮೇಲೆ ಕಾಣ್ತೈತಂತೆ ಸರ್. ಅಲ್ಲೀವರೆಗೂ ಪರಿಶೀಲನೆಯಾಗೈತೆ."

ಆ ಪದವನ್ನು ನಾನು ಬೇಕಂತಲೇ ಬಳಸಿದೆ. ಸುಳ್ಳು ಯಾಕೆ ಹೇಳಲಿ, ತುಂಬಾ ಖುಷಿಯಾಯಿತು.

ಮರುದಿನ ಬಂದವರೇ "ಬಂತಾ?" ಅಂದರು. ಬಂದಿರಲಿಲ್ಲ. ಅದರ ಮರುದಿನವೂ ಇಲ್ಲ. ನಾಲ್ಕನೇ ದಿನದಿಂದ ಹನ್ನೊಂದರ ಬದಲು ಹತ್ತಕ್ಕೇ ಬರತೊಡಗಿದರು. ಜಂಪಣ್ಣನವರ ಬ್ಲಾಗು ತೆಗೆಸುವುದು, ಕೆಳಗಿನವರೆಗೆ ಇಳಿಸುವುದು, ಅಲ್ಲಿ ಬೇರೆಯವರ ಕಾಮೆಂಟುಗಳೆಲ್ಲ ಇದ್ದು ತಮ್ಮದೊಂದೇ ಇಲ್ಲದಿರುವುದನ್ನು ನೋಡುವುದು. "ಗೊರಕೆ ವಿಷಯ ಓದಿ ನಕ್ಕೂ ನಕ್ಕೂ ಸಾಕಾಯ್ತು" ಅಂತ ಯಾರೋ ಬರೆದಿದ್ದರು. ಅದು ಮಾತ್ರ ಪ್ರಕಟವಾಗಿತ್ತು. "ನಾನು ಹೇಳಿದ್ದು ಕೆಳಗೊಂದು ಕಡೆ ಇದ್ರೆ ಇವ್ರಪ್ಪನ ಗಂಟೇನು ಹೋಗ್ತೈತೆ?" ಅಂತ ಎಂಟನೇ ದಿನ ಕೂಗಿದರು.

ಕೂಗಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿತು ಅಂತ ಕಾಣುತ್ತದೆ. ಬಾಗಿಲ ಕಡೆ, ಆ ಹೊಸ್ತಿಲಾಚೆ ಒಮ್ಮೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಎರಡು ತಾಸಿನ ಗೊರಕೆಗೆ ನಿಮಗೆ ಎಂಟು ದಿನ ತಡಿಯಾಕಾಗ್ಲಿಲ್ಲ ಸರ್. ಅವ್ರು ಮೂರು ತಿಂಗಳು ಮನ್ಯಾಗೆ ಕುಂತಿದ್ರು. ಅದಕ್ಕೆ ಹನ್ನೆರಡು ವರ್ಷ ಸುಮ್ನಿದ್ರು. ನಾಳೆಯಿಂದ ನಾನು ನಿಮ್ದೊಂದು ಅಕ್ಷರ ಟೈಪ್ ಮಾಡಲ್ಲ, ಆ ಹದಿನೇಳನೇ ನಂಬರ್ ತೀರ್ಮಾನ ಆಗೋವರ್ಗೂ. ಬೇಕಾದ್ರೆ ಬೇರೆ ಅಂಗಡಿ ನೋಡ್ಕಳ್ರಿ."

ಅವರು ಬ್ಯಾಗು ಎತ್ತಿಕೊಂಡು ಹೋದರು. ಎರಡು ದಿನ ಬರಲಿಲ್ಲ. ಗಿರಾಕಿ ಹೋಯಿತು, ಒಳ್ಳೆಯದೇ ಆಯಿತು ಅಂತ ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಹನ್ನೊಂದಕ್ಕೆ ಸರಿಯಾಗಿ ಬಂದರು. ಫೈಲು ಬಿಚ್ಚಿ, ಹದಿನೇಳನೇ ಹಾಳೆ ತೆಗೆದು, ಹಳೆಯ ಷರಾದ ಕೆಳಗೆ ಹಸಿರು ಇಂಕಿನಲ್ಲಿ ನಿಧಾನವಾಗಿ ಬರೆದರು. ನನ್ನ ಕಡೆ ತಳ್ಳಿದರು.

'ಪರಿಶೀಲಿಸಿದೆ. ಅರ್ಜಿದಾರರು ಹೇಳಿರುವುದು ಸತ್ಯ. ಫೈಲು ನನ್ನ ಮನೆಯಲ್ಲಿತ್ತು. ಟ್ರಂಕಿನ ಅಡಿಯಲ್ಲಿ ಸಿಕ್ಕಿತು. ಸಿಕ್ಕಾಗ ಅವರು ಸಸ್ಪೆಂಡ್ ಆಗಿ ಒಂದು ವಾರವಾಗಿತ್ತು. ಹೇಳಲು ಹೆದರಿದೆ. ಪ್ರಕಟಿಸಬಹುದು.'

"ಒಂದು ವಾರಕ್ಕೇ ಸಿಕ್ಕಿತ್ತಾ ಸರ್?" ಅಂದೆ.

"ಹೂಂ," ಅಂದರು.

ಗೊಲ್ಲಪ್ಪನವರ ಕಾಮೆಂಟು ಪ್ರಕಟವಾಯಿತು. ಅದರ ಕೆಳಗೆ ಈ ಷರಾವನ್ನು ಹಾಗೇ ಟೈಪ್ ಮಾಡಿದೆ. ಲೇಖನದ ತಲೆಯ ಮೇಲೂ ಒಂದು ಸಾಲು ಬರಬೇಕು, ಇದು ತಪ್ಪು ಅಂತ, ತಾರೀಕು ಸಮೇತ ಅಂದೆ. "ಸಹಿ ಆದ ಕಾಗದ," ಅಂತ ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿ, "ಹಾಕಮ್ಮ" ಅಂದರು. ಚಿಲಕವನ್ನೂ ತೆಗೆಸಿದರು. ಆ ವಾರವೇ ಕೂದಲು ಬೆಳೆಸುವ ಎಣ್ಣೆಯ ಬಗ್ಗೆ ಒಂಬತ್ತು ಕಾಮೆಂಟುಗಳು ಬಂದವು. ಅವಕ್ಕೂ ಇನ್‌ವರ್ಡ್ ನಂಬರ್ ಬಿತ್ತು. ಜಂಪಣ್ಣ ಮೇಷ್ಟ್ರಿಗೆ ಕಳಿಸಿದ ಸ್ಪಷ್ಟೀಕರಣ ಮಾತ್ರ ಕೊನೆಗೂ ಪ್ರಕಟವಾಗಲಿಲ್ಲ.

ದಸರಾ ರಜೆಗೆ ಊರಿಗೆ ಬಂದ ಆಶಾರಾಣಿ ಅಪ್ಪನನ್ನು ಕರೆದುಕೊಂಡು ಅಂಗಡಿಗೆ ಬಂದಳು. ತಿಪ್ಪೇರುದ್ರಪ್ಪನವರು ಅವರನ್ನು ನೋಡಿದವರೇ ಕುರ್ಚಿಯಿಂದ ಎದ್ದರು.

"ಬರ್ರಿ ಗೊಲ್ಲಪ್ಪ. ಕುಂತ್ಕಳ್ರಿ."

ಗೊಲ್ಲಪ್ಪನವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ಗೊಲ್ಲಪ್ಪ ಬಂದಿದ್ದಾರಾ ಅಂತ. ಯಾರೂ ಇರಲಿಲ್ಲ. ಆದರೂ ಕೂರಲಿಲ್ಲ.

ಮಗಳು ಪರದೆ ತೋರಿಸಿ, "ನೋಡಪ್ಪ, ನಿಂದು ಬಂದೈತೆ" ಅಂದಳು. ಅವರು ನೋಡಿದರು. ತೃಪ್ತಿಯಾಗಲಿಲ್ಲ.

"ಇದು ಸ್ವಿಚ್ ಆರಿಸಿದ್ರೆ ಹೋಗ್ತೈತಲ್ಲ ತಾಯಿ. ಕಾಗದದ ಮ್ಯಾಲೆ ಕೊಡ್ರಿ. ಸೀಲು ಹಾಕ್ರಿ ಸಾಹೇಬ್ರೆ."

ಅವರೂ ಅದೇ ಕಚೇರಿಯಲ್ಲಿ ಮೂವತ್ತು ವರ್ಷ ಕಳೆದವರು ತಾನೆ! ನಾನು ಪ್ರಿಂಟ್ ತೆಗೆದೆ. ತಿಪ್ಪೇರುದ್ರಪ್ಪನವರು ನಿಂತುಕೊಂಡೇ ಸೀಲು ಒತ್ತಿ, ಸಹಿ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಗೊಲ್ಲಪ್ಪನವರು ಅದನ್ನು ಮಗಳಿಗೆ ದಾಟಿಸಿದರು.

"ಜೋರಾಗಿ ಓದವ್ವ."

ಜೆರಾಕ್ಸಿಗೆ ಕಾದಿದ್ದ ಆರೇಳು ಜನ ತಿರುಗಿದರು. ಆಶಾರಾಣಿ ಓದಿದಳು. 'ಫೈಲು ನನ್ನ ಮನೆಯಲ್ಲಿತ್ತು' ಅನ್ನುವಲ್ಲಿ ಅಪ್ಪನ ಕಡೆ ಒಮ್ಮೆ ನೋಡಿ ಮುಂದೆ ಓದಿದಳು. ತಿಪ್ಪೇರುದ್ರಪ್ಪನವರು ಗೋಡೆಗೆ ಒರಗಿ ನಿಂತಿದ್ದರು, ಕಣ್ಣು ಮುಚ್ಚಿಕೊಂಡು. ನಿದ್ದೆಯಲ್ಲ, ಕೇಳುತ್ತಿದ್ದರು. ಇದಕ್ಕೆ ನಾನೇ ಸಾಕ್ಷಿ, ಜಂಪಣ್ಣ ಮೇಷ್ಟ್ರು ಏನಾದರೂ ಬರೆದುಕೊಳ್ಳಲಿ.

ಓದಿ ಮುಗಿಸಿ ಮಗಳು ಹಾಳೆಯನ್ನು ಅಪ್ಪನ ಕೈಗೆ ಕೊಟ್ಟಳು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು ಕುಳಿತರು.